ಹಾಸಿಗೆ ಹೊಲಿಯುವವನಿಗೆ ಬಂದ ನಿದ್ದೆ

ಬೀಗ ರಿಪೇರಿಯವನ ಗೂಡು ದಾಟಿದ ಮೇಲೆ, ಮೂಲೆಯ ಔಷಧಿ ಅಂಗಡಿಗಿಂತ ಮೊದಲು ಹಾಸಿಗೆ ಹೊಲಿಯುವವನ ಅಂಗಡಿ. ಅದಕ್ಕೆ ಫಲಕವಿರಲಿಲ್ಲ. ಬಾಗಿಲ ಮೇಲಿನ ಕೊಂಡಿಗೆ ಗೊಂಬೆ ಮಲಗುವಷ್ಟು ಪುಟ್ಟದೊಂದು ಹಾಸಿಗೆ ನೇತಾಡುತ್ತಿತ್ತು, ಅಷ್ಟೇ. ಬೀದಿಯ ಮಕ್ಕಳು ಅದನ್ನು ನಿದ್ದೆ ಅಂಗಡಿ ಎಂದು ಕರೆದರು. ದೊಡ್ಡವರೂ ಹಾಗೇ ಕರೆಯತೊಡಗಿದರು. ಒಳಗೆ ಹೋದರೆ ಎಡಕ್ಕೆ ಹತ್ತಿ ಹಿಂಜುವ ಯಂತ್ರ, ಬಲಕ್ಕೆ ಪಟ್ಟೆ ಬಟ್ಟೆಯ ಸುರುಳಿಗಳು, ನಡುವೆ ಉದ್ದನೆಯ ಮರದ ಹಲಗೆ. ಆ ಹಲಗೆಯ ಮೇಲೆ ಮಂಡಿಯೂರಿ, ಗೇಣುದ್ದದ ಸೂಜಿ ಹಿಡಿದು ಹಾಸಿಗೆಗೆ ಗಂಟು ಹಾಕುತ್ತ ಅವನು ದಿನವಿಡೀ ಕಳೆಯುತ್ತಿದ್ದ. ಹುಬ್ಬಿನ ಮೇಲೆ, ಕಿವಿಯ ಅಂಚಿನಲ್ಲಿ, ಮೀಸೆಯಲ್ಲಿ ಸದಾ ಹತ್ತಿಯ ಎಳೆ. ಮಧ್ಯಾಹ್ನದ ಬಿಸಿಲಿಗೆ ಬಾಗಿಲಲ್ಲಿ ನಿಂತನೆಂದರೆ ಆಗಷ್ಟೇ ಯಾವುದೋ ಮೋಡದಿಂದ ಇಳಿದು ಬಂದವನಂತೆ ಕಾಣುತ್ತಿದ್ದ.

ಆ ಬಡಾವಣೆಯ ಅರ್ಧಕ್ಕರ್ಧ ಜನ ಅವನು ಹೊಲಿದ ಹಾಸಿಗೆಯ ಮೇಲೇ ಮಲಗುವವರು. ಬೆನ್ನು ನೋವಿನವರಿಗೆ ಗಟ್ಟಿ, ಬಾಣಂತಿಗೆ ಮೆತ್ತಗೆ, ಮಗ್ಗುಲು ಹೊರಳಿಸುವ ಗಂಡನಿದ್ದವರಿಗೆ ನಡುವೆ ಒಂದು ಸಾಲು ಹೊಲಿಗೆ ಹೆಚ್ಚು. ಎಲ್ಲರೂ ಬಂದು, "ನಿಮ್ಮ ಹಾಸಿಗೆ ಮೇಲೆ ಬಿದ್ದರೆ ಬೆಳಗಾಗಿದ್ದೇ ಗೊತ್ತಾಗಲ್ಲ" ಎನ್ನುತ್ತಿದ್ದರು. ಅವನು ನಕ್ಕು ಹೂಂಗುಟ್ಟುತ್ತಿದ್ದ. ತನಗೆ ಪ್ರತಿ ಬೆಳಗೂ ಆಗುವುದು ಗೊತ್ತಾಗುತ್ತದೆ, ಅದೂ ಮೊದಲ ಹಾಲಿನ ಗಾಡಿಗಿಂತ ಮುಂಚೆ, ಎಂದು ಅವನು ಯಾರಿಗೂ ಹೇಳಿದವನಲ್ಲ. ಸಿಹಿ ಮಾರುವವನು ತನಗೆ ಸಕ್ಕರೆ ಕಾಯಿಲೆ ಎಂದು ಡಂಗುರ ಹೊಡೆಯುತ್ತಾನೆಯೇ?

ಅವನಿಗೆ ನಿದ್ದೆ ಹೋದದ್ದು ಮಗಳು ಎರಡು ವರ್ಷದವಳಿದ್ದಾಗ. ಆ ಚಳಿಗಾಲ ಮಗುವಿಗೆ ಉಸಿರು ಕಟ್ಟುವ ಕಾಯಿಲೆ ಬಂತು. ಎದೆ ಒಳಗೆಳೆದು ಬಿಡುವಾಗ ಸೀಟಿಯಂಥ ಸದ್ದು. ವೈದ್ಯರು ಔಷಧಿ ಕೊಟ್ಟು, ರಾತ್ರಿ ಗಮನ ಇಟ್ಟಿರಿ ಎಂದರು. ಹೆಂಡತಿ ಹಗಲೆಲ್ಲ ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕುಳಿತು ರೋಗಿಗಳಿಗೆ ಸಮಯ ಗೊತ್ತು ಮಾಡುವವಳು. ಸಂಜೆಗೆ ಸೋತು ಸುಣ್ಣವಾಗಿರುತ್ತಿದ್ದಳು. "ನೀನು ಮಲಗು, ನಾನು ನೋಡ್ಕೋತೀನಿ" ಎಂದ ಅವನು ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಮಗುವಿನ ಒಂದೊಂದು ಉಸಿರನ್ನೂ ತಾನೇ ಒಳಗೆಳೆದು ತಾನೇ ಹೊರಗೆ ಬಿಟ್ಟಂತೆ ಕಾದ. ವಸಂತ ಬರುವ ಹೊತ್ತಿಗೆ ಮಗು ಗುಣವಾಯಿತು. ಓಡಿತು, ಜಗಳವಾಡಿತು, ಶಾಲೆಗೆ ಹೋಯಿತು. ಈಗ ಹದಿನಾಲ್ಕರ ಹುಡುಗಿ, ಈಜಿನಲ್ಲಿ ಶಾಲೆಗೇ ಮುಂದು. ಆದರೆ ಅಪ್ಪ ಮಾತ್ರ ಆ ಕುರ್ಚಿಯಿಂದ ಪೂರ್ತಿ ಎದ್ದಿರಲೇ ಇಲ್ಲ. ರೆಪ್ಪೆಗೆ ರೆಪ್ಪೆ ಕೂಡಿತು ಅನ್ನುವಷ್ಟರಲ್ಲಿ ಕಿವಿ ತಾನೇ ಎದ್ದು ಕೂರುತ್ತಿತ್ತು. ಅವನು ಬರಿಗಾಲಲ್ಲಿ ನಡುಮನೆ ದಾಟಿ ಮಗಳ ಕೋಣೆಯ ಬಾಗಿಲಲ್ಲಿ ನಿಂತು, ಕೇಳಿಸಿಕೊಂಡು, ವಾಪಸು ಬರುತ್ತಿದ್ದ. ಹೆಂಡತಿ ಬೈದಳು, ಬೇಡಿದಳು, ಗುಳಿಗೆ ತಂದುಕೊಟ್ಟಳು. ಕೊನೆಗೆ ಕೈಚೆಲ್ಲಿದಳು.

ಕಾಡಿಗೆ ಹೋಗುವ ಮಾತು ತೆಗೆದವನು ಹೆಂಡತಿಯ ತಮ್ಮ. ಅವನು ಬಸ್ ಚಾಲಕ, ಬ್ರಹ್ಮಚಾರಿ, ಮಾತಿನಲ್ಲಿ ಮನೆ ಕಟ್ಟುವ ಆಸಾಮಿ. ನಿವೃತ್ತನಾದ ಸಹೋದ್ಯೋಗಿಯೊಬ್ಬ ಅವನಿಗೊಂದು ದೊಡ್ಡ ಡೇರೆ ಕೊಟ್ಟಿದ್ದ. ಅದನ್ನು ಅಕ್ಕನ ಮನೆಯ ನಡುವೆ ಹರಡಿ, "ಇಡೀ ಸಂಸಾರ ಹಿಡಿಸತ್ತೆ ಭಾವ. ರಾಷ್ಟ್ರೀಯ ಉದ್ಯಾನದಲ್ಲಿ ಜಾಗ ಗೊತ್ತು ಮಾಡಿದೀನಿ. ತೊರೆ ಪಕ್ಕದಲ್ಲೇ. ಬೆಳಿಗ್ಗೆ ಎದ್ದರೆ ಜಿಂಕೆ ಬಂದು ಮುಖ ನೋಡ್ತಾವಂತೆ" ಎಂದ.

"ಮಳೆ ಬಂದರೆ?" ಎಂದಳು ಅಕ್ಕ.

"ಈ ತಿಂಗಳಲ್ಲಿ ಎಲ್ಲಿಯ ಮಳೆ?"

ಅವನ ಈ ಮಾತನ್ನು ಮುಂದೆ ಆ ಮನೆಯಲ್ಲಿ ಎಷ್ಟು ಸಲ ಆಡಿಕೊಂಡರೋ ಲೆಕ್ಕವಿಲ್ಲ.

ಹೆಂಡತಿಯ ತಾಯಿಯೂ ಹೊರಟು ನಿಂತರು. ಮಂಡಿ ನೋವು, ಒಂದು ಕಿವಿ ಮಂದ. ಆದರೂ "ನಾನು ಸಾಯೋದ್ರೊಳಗೆ ಒಂದು ಸಲ ಬಟ್ಟೆ ಮನೇಲಿ ಮಲಗಬೇಕು" ಎಂದು ಹಟ ಹಿಡಿದರು. ತಮ್ಮ ಮಡಿಸುವ ಕುರ್ಚಿ, ಇಸ್ಪೀಟು ಎಲೆ ಮತ್ತು ಗಂಡನ ಕಾಲದ ಕಪ್ಪು ಛತ್ರಿ ಇಲ್ಲದೆ ಹೆಜ್ಜೆ ಕದಲಿಸುವುದಿಲ್ಲ ಎಂದರು. ಎಲ್ಲವನ್ನೂ ಕಾರಿಗೆ ತುರುಕಿ ಐವರೂ ಹೊರಟರು.

ಉದ್ಯಾನದ ಗೇಟಿನಲ್ಲಿ ಹಸಿರು ಸಮವಸ್ತ್ರದ ಕಾವಲುಗಾರ್ತಿ ಚೀಟಿ ನೋಡಿ, ಆಕಾಶ ನೋಡಿ, ಮತ್ತೆ ಇವರನ್ನು ನೋಡಿದಳು. "ತೊರೆ ಪಕ್ಕ ಬೇಕು ಅಂತ ಕೇಳಿದ್ದು ನೀವೇನಾ? ಆಗಲಿ. ತಿನ್ನೋದೆಲ್ಲ ಕಾರಲ್ಲೇ ಇಡಿ. ನೀರು ಕೆಂಪಾದರೆ ನನಗೋಸ್ಕರ ಕಾಯಬೇಡಿ, ಮೇಲೆ ಮರದ ತಂಗುದಾಣ ಇದೆ, ಅಲ್ಲಿಗೆ ಹೋಗಿಬಿಡಿ." ಬಸ್ ಚಾಲಕ ನಗುತ್ತ ತಲೆಯಾಡಿಸಿದ.

ಡೇರೆ ನಿಲ್ಲಿಸುವಷ್ಟರಲ್ಲಿ ಮೊದಲ ಹನಿ ಬಿತ್ತು. ಸಂಜೆಯ ಹೊತ್ತಿಗೆ ಮರಗಳು ಒಂದರ ಹಿಂದೊಂದು ಮಳೆಯೊಳಗೆ ಹಿಂಜರಿದು ಮಸುಕಾದವು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನ ಚಹಾ. ಆ ರಾತ್ರಿ ಎಲ್ಲರೂ ಬೇಗ ಮಲಗಿದರು, ಅವನೊಬ್ಬ ಎಂದಿನಂತೆ ಎದ್ದೇ ಇದ್ದ.

ಮಾರನೆಯ ಬೆಳಿಗ್ಗೆ ಮಳೆ ಇನ್ನೂ ಹಿಡಿದುಕೊಂಡಿತ್ತು. ಹೊರಗೆ ಕಾಲಿಡುವಂತಿರಲಿಲ್ಲ. ಹಳದಿ ಬಟ್ಟೆಯ ಮೂಲಕ ಸೋಸಿ ಬಂದ ಬೆಳಕಿಗೆ ಡೇರೆಯ ಒಳಗೆಲ್ಲ ಬೆಣ್ಣೆಯ ಬಣ್ಣ. ಅತ್ತೆ ಕುರ್ಚಿಯಲ್ಲಿ ಕುಳಿತು ಇಸ್ಪೀಟು ಹಂಚಿದರು. ಹೆಂಡತಿ ಒದ್ದೆ ಕಾಲುಚೀಲಗಳನ್ನು ಹಗ್ಗಕ್ಕೆ ಹಾಕಿದಳು. ಮಗಳು ಹೊಟ್ಟೆಯ ಮೇಲೆ ಮಲಗಿ ಎಲೆ ಜೋಡಿಸುತ್ತಿದ್ದಳು. ಬಸ್ ಚಾಲಕ ಜಿಂಕೆ ಯಾಕೆ ಬರಲಿಲ್ಲವೆಂಬುದಕ್ಕೆ ಕಾರಣ ಕೊಡುತ್ತಿದ್ದ. ಹಾಸಿಗೆ ಹೊಲಿಯುವವನು ಸುತ್ತಿಟ್ಟ ಕಂಬಳಿಗೆ ಒರಗಿ ಕೈಯಲ್ಲಿ ಎಲೆ ಹಿಡಿದಿದ್ದ.

ಎಲ್ಲರೂ ಅಲ್ಲೇ ಇದ್ದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅತ್ತೆಯ ಉಬ್ಬಸದ ಉಸಿರು, ಮೈದುನನ ದಪ್ಪ ಉಸಿರು, ಹೆಂಡತಿ ಕೆಲಸ ಮಾಡುವಾಗ ಮೂಗಿನಲ್ಲಿ ಗುನುಗುವ ಉಸಿರು, ಮಗಳು ಯೋಚಿಸುವಾಗ ತಡೆದು ಬಿಡುವ ಉಸಿರು, ಎಲ್ಲವೂ ಒಂದೇ ಕೋಣೆಯಲ್ಲಿ, ಒಂದೇ ಬಟ್ಟೆಯ ಕೆಳಗೆ. ಎದ್ದು ಹೋಗಿ ನಿಲ್ಲಬೇಕಾದ ಬಾಗಿಲು ಎಲ್ಲೂ ಇರಲಿಲ್ಲ. ಮೇಲೆ ಮಳೆ ಹತ್ತಿಯ ಯಂತ್ರದ ಹಾಗೆ ಒಂದೇ ಸಮನೆ ಹಿಂಜುತ್ತಿತ್ತು.

"ಅಳಿಯಂದ್ರೇ, ನಿಮ್ಮ ಸರದಿ" ಎಂದರು ಅತ್ತೆ.

ಅವನು ಎಲೆ ಇಳಿಸಲಿಲ್ಲ. ನೋಡಿದರೆ ಗಲ್ಲ ಎದೆಗೆ ತಾಗಿತ್ತು. ಕೈಯಿಂದ ಎಲೆಗಳು ಒಂದೊಂದಾಗಿ ಕಂಬಳಿಯ ಮೇಲೆ ಜಾರಿದವು.

"ರಾಜ ಇವರ ಹತ್ರಾನೇ ಇತ್ತು ನೋಡು" ಎಂದರು ಅತ್ತೆ, ಎಲೆ ಎತ್ತಿಕೊಂಡು.

ಹೆಂಡತಿ ಬಾಯಿಯ ಮೇಲೆ ಬೆರಳಿಟ್ಟಳು. ಆಮೇಲೆ ಅವನ ಕಾಲುಗಳನ್ನು ಮೆಲ್ಲಗೆ ಚಾಚಿ, ಚಾಪೆಯ ಮೇಲೆ ಒರಗಿಸಿ, ಕಂಬಳಿ ಹೊದಿಸಿದಳು.

ಅವನು ಇಳಿದ. ಇಳಿಯುತ್ತಲೇ ಹೋದ. ಹತ್ತಿಯ ರಾಶಿಯೊಳಗೆ ಬಿದ್ದಂತಿತ್ತು. ಬಿದ್ದಷ್ಟೂ ಕೆಳಗೆ ಇನ್ನಷ್ಟು ಹತ್ತಿ, ಬಿಸಿಲಿಗೆ ಒಣಗಿಸಿದ್ದು, ಬೆಚ್ಚಗಿನದು. ಒಂದು ಕಡೆ ಅವನ ಅಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತ ಕುಳಿತಿದ್ದರು, ತಲೆ ಎತ್ತಲಿಲ್ಲ. ಆಚೆ ತಾನು ಹೊಲಿದ ಹಾಸಿಗೆಗಳೆಲ್ಲ ಸಾಲುಗಟ್ಟಿ ಯಾವುದೋ ಹೊಲದಲ್ಲಿ ಮಲಗಿದ್ದವು, ಅವುಗಳ ಮೇಲೆ ಯಾರೂ ಇರಲಿಲ್ಲ, ಮಂಜು ಮಾತ್ರ ಕುಳಿತಿತ್ತು. ಅವನು ಒಂದರಿಂದ ಒಂದಕ್ಕೆ ನಡೆದ. ಎಲ್ಲೋ ದೂರದಲ್ಲಿ ಮನೆಯವರ ಮಾತು, ನೀರಿನ ತಳದಿಂದ ಕೇಳಿದ ಹಾಗೆ.

"ಗೊರಕೆ ಹೊಡೀತಿದಾರೆ" ಎಂದಿತು ಹೆಂಡತಿಯ ದನಿ. "ಇವರಿಗೆ ಗೊರಕೆ ಇದೆ ಅನ್ನೋದೇ ನನಗೆ ಮರೆತು ಹೋಗಿತ್ತು."

"ಮನೇಲಿ ಯಾಕೆ ಮಲಗಲ್ಲ ಅಪ್ಪ?" ಇದು ಮಗಳು. "ಕಣ್ಣು ಬಿಟ್ಟರೆ ಸಾಕು, ಬಾಗಿಲಲ್ಲಿ ದೆವ್ವದ ಹಾಗೆ ನಿಂತಿರ್ತಾರೆ. ಹೀಗೆ." ಅವಳು ಎದ್ದು ನಿಂತು ಅವನ ಹಾಗೆ ಭುಜ ಕುಗ್ಗಿಸಿ ಕತ್ತು ಓರೆ ಮಾಡಿರಬೇಕು, ಮೈದುನ ನಗು ತಡೆಯಲಾರದೆ ಕೆಮ್ಮಿದ.

ಹೆಂಡತಿ ನಗಲಿಲ್ಲ. "ನಿನಗೆ ಯಾವತ್ತೂ ಹೇಳಿಲ್ಲ ಅಲ್ವಾ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಆ ಚಳಿಗಾಲದ ಕತೆ ಹೇಳಿದಳು. ತೊಟ್ಟಿಲು, ಕುರ್ಚಿ, ಸೀಟಿಯಂಥ ಉಸಿರು. "ಒಂದಿನ ಬೆಳಿಗ್ಗೆ ಎದ್ದು ನೋಡಿದರೆ ಇವರ ಬೆರಳು ನಿನ್ನ ಮೂಗಿನ ಹತ್ತಿರ. ತುಟಿ ಎಲ್ಲ ನೀಲಿ ಇವರಿಗೆ. ಚಳಿಗೆ. ತಮ್ಮ ಕಂಬಳೀನೂ ನಿನಗೇ ಹೊದಿಸಿದ್ದರು."

ಮಳೆ ಒಂದೇ ಕೇಳುತ್ತಿತ್ತು.

"ಈ ಸಂಬಂಧ ಬೇಡ ಅಂತ ಕೂತಿದ್ದವಳು ನಾನು" ಎಂದರು ಅತ್ತೆ, ಮಂದ ಕಿವಿಯವರ ಎತ್ತರದ ದನಿಯಲ್ಲಿ. "ಗಂಡಿನ ಕೈಯಲ್ಲಿ ಏನಿದೆ, ಊದಿದರೆ ಹಾರಿಹೋಗೋ ಹತ್ತಿ ಅಂದಿದ್ದೆ."

"ಈಗ?" ಎಂದ ಮೈದುನ.

"ಈಗಲೂ ಹತ್ತೀನೇ. ಹಾರಿ ಎಲ್ಲೂ ಹೋಗಲಿಲ್ಲ, ಅಷ್ಟೇ. ಎಲೆ ಹಾಕು."

ಈ ಮಾತುಗಳು ಅವನಿಗೆ ಕೇಳಿದವು. ಎದ್ದು ಏನಾದರೂ ಹೇಳಬೇಕು ಎನಿಸಿತು. ನಾಲಿಗೆ ಹತ್ತಿಯಾಗಿತ್ತು. ಮಾತು ಹುಡುಕುತ್ತಲೇ ಅವನು ಇನ್ನೊಂದು ಪದರ ಕೆಳಗಿಳಿದ.

ಮಧ್ಯಾಹ್ನದ ಹೊತ್ತಿಗೆ ಮೈದುನ ತಲೆ ಹೊರಗೆ ಹಾಕಿ ತೊರೆ ನೋಡಿದ. ನೀರು ಕೆಂಪಾಗಿತ್ತು. ಹಿಂದಿನ ದಿನ ಬಂದಾಗ ಅವನು ಮುಖ ತೊಳೆದ ಬಂಡೆ ಮಾಯವಾಗಿತ್ತು. ಅದೇ ಹೊತ್ತಿಗೆ ಮಳೆಯಂಗಿ ತೊಟ್ಟ ಕಾವಲುಗಾರ್ತಿ ಇಳಿಜಾರಿನಲ್ಲಿ ಜಾರುತ್ತ ಬಂದಳು.

"ಇನ್ನೂ ಇಲ್ಲೇ ಇದೀರಾ? ಗಾಬರಿ ಏನಿಲ್ಲ, ನೀರು ನಿಧಾನವಾಗಿ ಏರ್ತಿದೆ. ಆದರೆ ಸಂಜೆಗೆ ಈ ಜಾಗ ಇರಲ್ಲ. ಮೇಲೆ ನಡೀರಿ." ಒಳಗೆ ಬಗ್ಗಿ ನೋಡಿ, "ಇವರಿಗೆ ಹುಷಾರಿಲ್ವಾ?" ಎಂದಳು.

"ನಿದ್ದೆ ಮಾಡ್ತಿದಾರೆ" ಎಂದಳು ಮಗಳು.

"ಎಬ್ಬಿಸಿ ಮತ್ತೆ."

ಮೈದುನ "ಭಾವ" ಎಂದು ಭುಜಕ್ಕೆ ಕೈ ಹಾಕಿದ. ಮಗಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಬೇಡ ಮಾಮ. ಎಬ್ಬಿಸಬೇಡ."

"ಏನೇ, ನೀರು ಬರ್ತಿದೆ."

"ಎತ್ಕೊಂಡು ಹೋಗೋಣ."

ಎಲ್ಲರೂ ಅವಳ ಮುಖ ನೋಡಿದರು. ಅವಳು ಕಾವಲುಗಾರ್ತಿಯ ಕಡೆ ತಿರುಗಿ, "ಅಪ್ಪ ಮಲಗದೆ ಎಷ್ಟೋ ವರ್ಷ ಆಯ್ತು. ನನ್ನಿಂದ" ಎಂದಳು.

ಕಾವಲುಗಾರ್ತಿಗೆ ಕತೆ ಗೊತ್ತಿರಲಿಲ್ಲ. ಆದರೂ ಚಾಪೆಯ ಮೇಲೆ ಬಾಯಿ ತೆರೆದು ಬಿದ್ದಿದ್ದ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡ ಆ ಗಂಡಸನ್ನು ಒಂದು ಗಳಿಗೆ ನೋಡಿದಳು. ತಾನೂ ರಾತ್ರಿ ಪಾಳಿ ಮಾಡುವವಳು. ನಿದ್ದೆಯ ಬೆಲೆ ಬಲ್ಲವಳು. ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. "ತಾಡಪಾಲು ಇದೆಯಾ? ಒಂದು ಮೂಲೆ ನಾನು ಹಿಡೀತೀನಿ."

ಹಾಗೆ ಅವನನ್ನು ಚಾಪೆ ಕಂಬಳಿ ಸಮೇತ ತಾಡಪಾಲಿಗೆ ಹೊರಳಿಸಿ, ಮಿಕ್ಕ ಅಂಚನ್ನು ಮೈಮೇಲೆ ಮಡಚಿ, ನಾಲ್ಕು ಮೂಲೆ ನಾಲ್ವರು ಹಿಡಿದರು. ತಲೆಯ ಕಡೆ ಮೈದುನ ಮತ್ತು ಕಾವಲುಗಾರ್ತಿ, ಕಾಲ ಕಡೆ ತಾಯಿ ಮಗಳು. ಅತ್ತೆ ಮಂಡಿ ನೋವು ಮರೆತು ಪಕ್ಕದಲ್ಲಿ ನಡೆದರು, ಕಪ್ಪು ಛತ್ರಿಯನ್ನು ಅಳಿಯನ ಮುಖದ ಮೇಲೆ ಹಿಡಿದು. ತಾವು ತೊಪ್ಪೆಯಾಗಿ ನೆಂದರು. ಇಳಿಜಾರಿನ ಕೆಸರಿನಲ್ಲಿ ಮೈದುನನ ಒಂದು ಚಪ್ಪಲಿ ಹೂತುಹೋಯಿತು. ಅವನು ಚಕಾರವೆತ್ತದೆ ಒಂಟಿ ಕಾಲು ಚಪ್ಪಲಿಯಲ್ಲಿ ನಡೆದ. ಉಸಿರು ಹಿಡಿಯಲು ನಿಂತಾಗ ಹೆಂಡತಿ, "ಮದುವೆ ದಿನ ನನ್ನನ್ನ ಎತ್ಕೋತೀನಿ ಅಂದಿದ್ದರು. ಆಗಲಿಲ್ಲ. ಈಗ ನೋಡಿ, ನಾನೇ ಎತ್ಕೊಂಡಿದೀನಿ" ಎಂದಳು. ಕಾವಲುಗಾರ್ತಿಗೆ ನಗು ಬಂದು ಅವಳ ಮೂಲೆ ಕೊಂಚ ತಗ್ಗಿತು.

ಅವನಿಗೆ ತಾನು ದೋಣಿಯಲ್ಲಿದ್ದೇನೆ ಎನಿಸಿತು. ಮೇಲೆ ಮರದ ತುದಿಗಳು ಹಿಂದೆ ಸರಿಯುತ್ತಿದ್ದವು. ಒಮ್ಮೆ ಕಣ್ಣು ಅರೆಬಿರಿಯಿತು. ಕಪ್ಪು ಆಕಾಶವೊಂದು ತುಂಬ ಹತ್ತಿರದಲ್ಲಿತ್ತು, ಅದಕ್ಕೆ ಕಡ್ಡಿಗಳಿದ್ದವು, ಅದರ ಅಂಚಿನಲ್ಲಿ ಅತ್ತೆಯ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಕೆಳಗೆ ನೋಡಿ, ಎಳೆ ಮಗುವಿಗೆ ಹೇಳುವಂತೆ, "ಮಲಕ್ಕೋ, ಇನ್ನೂ ದೂರ ಇದೆ" ಎಂದರು. ತನ್ನನ್ನು ಯಾವತ್ತೂ ಬಹುವಚನದಲ್ಲೇ ಕರೆಯುವ ಅತ್ತೆ ಏಕವಚನದಲ್ಲಿ ಮಾತಾಡಿದರಲ್ಲ, ಇದು ಕನಸೇ ಸೈ ಎಂದುಕೊಂಡು ಅವನು ಕಣ್ಣು ಮುಚ್ಚಿದ.

ಎದ್ದಾಗ ಮರುದಿನದ ಬೆಳಗು. ಮರದ ಮಾಡು, ಮರದ ಗೋಡೆ, ಬೆಂಕಿಗೂಡಿನಲ್ಲಿ ಕೆಂಡ. ಮಳೆ ನಿಂತಿತ್ತು, ಮರಗಳಿಂದ ಮಾತ್ರ ಹನಿ ಉದುರುತ್ತಿತ್ತು. ಗೋಡೆಯುದ್ದಕ್ಕೂ ಕಟ್ಟಿದ ಹಗ್ಗದ ಮೇಲೆ ಮನೆಮಂದಿಯ ಬಟ್ಟೆಯೆಲ್ಲ ಒಣಗುತ್ತಿತ್ತು. ಅವನ ಬಟ್ಟೆ ಮಾತ್ರ ಮೈಮೇಲೆ, ಒಣಗಿಯೇ ಇತ್ತು.

ಅವನು ಎದ್ದು ಕುಳಿತು ಸುತ್ತ ನೋಡಿದ. "ಡೇರೆ ಎಲ್ಲಿ?"

ಮೈದುನ ಕೆಂಡ ಕೆದಕಿದ. ಹೆಂಡತಿ ಚಹಾ ಬಗ್ಗಿಸಿದಳು.

"ನಾನು ದೋಣೀಲಿ ಹೋದ ಹಾಗೆ ಕನಸು" ಎಂದ. "ಛತ್ರಿ ಇತ್ತು. ಅತ್ತೆ ನನ್ನನ್ನ ಮಲಕ್ಕೋ ಅಂದರು."

"ಯಾರು, ನಾನಾ? ಅಳಿಯಂದ್ರಿಗೆ ಹಾಗನ್ತೀನಾ?" ಎಂದರು ಅತ್ತೆ. ಅಷ್ಟು ಹೊತ್ತು ಬಾಯಿ ಬಿಗಿಹಿಡಿದಿದ್ದ ಮಗಳು ಆಗ ನಕ್ಕಳು. ಅವಳನ್ನು ನೋಡಿ ಹೆಂಡತಿ, ಆಮೇಲೆ ಮೈದುನ. ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೂ ತಿಳಿಯದೆ ಅವನೂ ನಕ್ಕ.

ಚಹಾ ಕುಡಿದ ಮೇಲೆ ಮಗಳು ಅವನನ್ನು ಕೆಳಗೆ ಕರೆದುಕೊಂಡು ಹೋದಳು. ಡೇರೆ ಇದ್ದ ಜಾಗದಲ್ಲಿ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಡೇರೆಯ ಗೂಟವೊಂದು ಬಂಡೆಯ ಸಂದಿಯಲ್ಲಿ ಸಿಕ್ಕಿ ನಡುಗುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ದೋಣಿ ಯಾವುದೆಂದು ನಿಧಾನವಾಗಿ ಅರ್ಥವಾಯಿತು.

"ಎಬ್ಬಿಸಬಾರದಿತ್ತಾ?" ಎಂದ.

"ಅಮ್ಮ ಎಲ್ಲ ಹೇಳಿದರು. ನಾನು ಚಿಕ್ಕವಳಿದ್ದಾಗಿಂದು."

"ಕೇಳಿಸ್ತು."

ಅವಳು ಬೆಚ್ಚಿ ಅವನತ್ತ ನೋಡಿದಳು. "ನಾನು ನಿನ್ನ ಹಾಗೆ ನಿಂತು ತೋರಿಸಿದ್ದೂ?"

"ನೋಡಲಿಲ್ಲ. ನಿಮ್ಮ ಮಾಮ ನಕ್ಕಿದ್ದು ಕೇಳ್ತು." ಒಂದು ಕಲ್ಲೆತ್ತಿ ನೀರಿಗೆ ಹಾಕಿದ. "ನಾನು ಬಾಗಿಲಿಗೆ ಬಂದು ನಿಲ್ಲೋದು ಕಿರಿಕಿರಿ ಆಗತ್ತಾ?"

"ನೀನು ಬಂದಾಗ ಎಷ್ಟೋ ಸಲ ನನಗೆ ಎಚ್ಚರ ಇರತ್ತೆ" ಎಂದಳು. "ಎದ್ದಿದೀನಿ ಅಂದರೆ ಮಾತಾಡಿಸ್ತೀಯ ಅಂತ ನಿದ್ದೆ ಬಂದವಳ ಹಾಗೆ ಬಿದ್ದಿರ್ತೀನಿ. ಉಸಿರು ಜೋರಾಗಿ ಎಳೆದು ಬಿಡ್ತೀನಿ, ನಿನಗೆ ಕೇಳಿಸಲಿ ಅಂತ. ಆಗ ನೀನು ಹೋಗ್ತೀಯ."

ಅವನು ತೊರೆ ನೋಡುತ್ತ ನಿಂತ. ಇಷ್ಟು ವರ್ಷ ತಾನು ಕತ್ತಲಲ್ಲಿ ಕಾದು ಕೇಳಿ ಸಮಾಧಾನ ಪಟ್ಟುಕೊಂಡ ಉಸಿರಿನಲ್ಲಿ ಎಷ್ಟು ನಿಜ, ಎಷ್ಟು ನಾಟಕ? ಮೊದಲು ಪೆಚ್ಚಾದ. ಆಮೇಲೆ ಎಲ್ಲಿಂದಲೋ ಒಂದು ಹಗುರ ಬಂತು. ಅಪ್ಪನಿಗೆ ಸಮಾಧಾನವಾಗಲೆಂದು ಉಸಿರು ಹಿಗ್ಗಿಸಿ ಬಿಡುವಷ್ಟು ಎದೆ ಇವಳಿಗಿದೆ. ಅಷ್ಟು ಗಟ್ಟಿ ಶ್ವಾಸಕೋಶವನ್ನು ಇನ್ನು ಯಾರು ಕಾಯಬೇಕು?

"ಹೇಗೆ ಬಿಡ್ತೀಯ, ತೋರಿಸು" ಎಂದ.

ಅವಳು ಕಣ್ಣು ಮುಚ್ಚಿ, ಮೂಗು ಅರಳಿಸಿ, ಎಮ್ಮೆಯಂತೆ ಉಸಿರು ಬಿಟ್ಟು ತೋರಿಸಿದಳು.

"ಇದನ್ನ ನಂಬಿದೆನಾ ನಾನು" ಎಂದ ಅವನು. ನೆಂದ ಕಾಡಿನ ನಡುವೆ ಅಪ್ಪ ಮಗಳು ನಕ್ಕ ನಗುವಿಗೆ ಯಾವುದೋ ಹಕ್ಕಿ ಹಾರಿಹೋಯಿತು.

ಕಾಡಿನಿಂದ ಬಂದ ಮೇಲೆ ಅವನು ಒಮ್ಮೆಲೇ ಕುಂಭಕರ್ಣನಾದ ಎಂದೇನಲ್ಲ. ಎಷ್ಟೋ ರಾತ್ರಿ ಕಿವಿ ಹಳೆಯ ಚಾಳಿಯಂತೆ ಎದ್ದು ಕೂರುತ್ತಿತ್ತು. ಅವನು ಮಾತ್ರ ಏಳುತ್ತಿರಲಿಲ್ಲ. ಬಾಗಿಲು ಮುಚ್ಚಿಕೊಂಡೇ ಮಲಗು ಎಂದು ಮಗಳಿಗೆ ತಾನೇ ಹೇಳಿದ್ದ. ಹಾಸಿಗೆಯ ಮೇಲೆ ಮಲಗಿಯೇ, ಪಕ್ಕದಲ್ಲಿ ಹೆಂಡತಿ ನಿದ್ದೆಯಲ್ಲಿ ಗುನುಗುವುದನ್ನು ಕೇಳುತ್ತಿದ್ದ. ಕೆಲವು ಸಲ ಹಾಗೇ ಕಣ್ಣು ಹತ್ತುತ್ತಿತ್ತು, ಕೆಲವು ಸಲ ಇಲ್ಲ. ಮಗಳು ಮುಂದೆ ಈಜು ಕಲಿಸುವ ಕೆಲಸ ಹಿಡಿದು ನಾಲ್ಕು ಬೀದಿ ಆಚೆ ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿದಳು. ಆ ಮೊದಲ ವಾರ ಅವನು ಅಂಗಡಿಯಲ್ಲಿ ಹೊಲಿದ ಗಂಟುಗಳೆಲ್ಲ ಸಡಿಲ ಬಂದು ಬಿಚ್ಚಿ ಹೊಲಿಯಬೇಕಾಯಿತು. ಎರಡನೆಯ ವಾರ ಸರಿಹೋಯಿತು.

ಆದರೆ ಹಗಲು ಮಳೆ ಬಂದರೆ ಅವನ ಕೈ ನಿಲ್ಲುತ್ತಿತ್ತು. ಮಾಡಿನ ತಗಡಿನ ಮೇಲೆ ಸದ್ದು ಏರುತ್ತಿದ್ದಂತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದುರಿಗಿದ್ದ ಯಾರದೋ ಹಾಸಿಗೆಯ ಮೇಲೆ ಒರಗುತ್ತಿದ್ದ. ಹಾಗೊಂದು ಮಧ್ಯಾಹ್ನ ದಿಂಬು ಒಯ್ಯಲು ಬಂದ ಶಾಲೆಯ ಟೀಚರು ಅವನನ್ನು ಕೂಗಿದರು. ಓಗೊಡಲಿಲ್ಲ. ಮಳೆ ನಿಲ್ಲಲಿ ಎಂದು ಪಕ್ಕದ ಹತ್ತಿ ಮೂಟೆಯ ಮೇಲೆ ಕುಳಿತರು. ಹಲ್ಲಿನ ಆಸ್ಪತ್ರೆ ಮುಗಿಸಿ ಬಂದ ಹೆಂಡತಿ ನೋಡಿದಾಗ ಇಬ್ಬರೂ ನಿದ್ದೆಯಲ್ಲಿದ್ದರು. ಟೀಚರ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳು ಕನ್ನಡಕ ತೆಗೆದು ಹಲಗೆಯ ಮೇಲಿಟ್ಟಳು. ಎರಚಲು ಒಳಗೆ ಬಾರದಂತೆ ಬಾಗಿಲನ್ನು ಅರ್ಧ ಎಳೆದುಕೊಂಡು, ಬೀದಿಯ ಕಡೆ ಮುಖ ಮಾಡಿ ಕುಳಿತಳು. ಬಂದ ಗಿರಾಕಿಗಳಿಗೆ ಕೈಸನ್ನೆಯಲ್ಲೇ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಹೇಳಿದಳು.